ಅಜ್ಜಿ ಕೇಳಿದ ಚಕ್ರ

ಅರುವತ್ತೈದರ ಯುದ್ಧ ಮುಗಿದಿದ್ದ ಆ ವರ್ಷ ಮಣ್ಣಗುಡ್ಡದ ನಮ್ಮ ಮನೆಯಲ್ಲಿ ನಾನೂ ಅಣ್ಣನೂ ಸೇರಿ ಒಂದು ವಿಮಾನ ಮಾಡಿದೆವು. ಶತ್ರುವಿಮಾನಗಳನ್ನು ಹೊಡೆದುರುಳಿಸಿದ ಪೈಲಟೊಬ್ಬನ ಪುಟ್ಟ ನ್ಯಾಟ್ ಯುದ್ಧವಿಮಾನ ಆಕಾಶದಲ್ಲಿ ಹಾರುತ್ತಿರುವ ಚಿತ್ರ ಪತ್ರಿಕೆಯಲ್ಲಿ ಬಂದಿತ್ತು. ಅದನ್ನು ನೋಡಿಕೊಂಡೇ ಮಾವಿನ ಹಲಗೆ ಕೆತ್ತಿ, ಅಳತೆ ಹಿಡಿದು ರೆಕ್ಕೆ ಕೂಡಿಸಿದೆವು. ಒಂದು ನೂಲಿನಷ್ಟೂ ತಪ್ಪಿಲ್ಲವೆಂದು ನನಗೆ ಭಾರೀ ಜಂಬ.

ಆಯುಧಪೂಜೆಯ ದಿನ ಅಪ್ಪನ ಸೈಕಲಿನ ಪಕ್ಕದಲ್ಲಿ ಅದನ್ನೂ ಇಟ್ಟೆವು. ಅಜ್ಜಿ ಅದಕ್ಕೆ ಸೇವಂತಿಗೆ ಮುಡಿಸಿ, ಲಿಂಬೆಹಣ್ಣು ಹಿಡಿದು ಬಗ್ಗಿ ನೋಡಿದರು.

"ಇದರ ಚಕ್ರ ಎಲ್ಲಿ ಉಂಟು? ಲಿಂಬೆ ಎಲ್ಲಿ ಇಡುವುದು?"

"ಹಾರುವಾಗ ಚಕ್ರ ಒಳಗೆ ಇರ್ತದೆ ಅಜ್ಜಿ. ನಿಮಗೆ ಎಂತ ಗೊತ್ತು!" ಎಂದು ರೇಗಿದೆ.

"ಹಾರಲಿ ಮಾರಾಯ. ಅದರಲ್ಲಿ ಕೂತ ಹುಡುಗ ಇಳಿಯುವುದು ಬೇಡವಾ? ಅವನ ಅಮ್ಮ ಕಾಯುವುದಿಲ್ವಾ?"

ಅಣ್ಣ ಬಿದ್ದು ಬಿದ್ದು ನಕ್ಕ. ನಾನು ಒಳಗೆ ಹೋಗಿ, ನನ್ನ ಹೊಸ ಅಂಗಿಯ ಮೂರು ಗುಂಡಿ ಕಿತ್ತು ತಂದು, ಗುಂಡುಸೂಜಿಯಿಂದ ವಿಮಾನದ ಹೊಟ್ಟೆಗೆ ಚುಚ್ಚಿದೆ. ಅಷ್ಟು ಸಣ್ಣ ಚಕ್ರಕ್ಕೆ ಲಿಂಬೆ ಎಲ್ಲಿ ಜಜ್ಜಿಹೋಗುತ್ತದೆ? ಕೊನೆಗೆ ಅಜ್ಜಿಯೇ ಸೀರೆ ಎತ್ತಿ ಹಿಡಿದು, ಹಿಮ್ಮಡಿಯಿಂದ ಲಿಂಬೆಯನ್ನು ಅಪ್ಪಚ್ಚಿ ಮಾಡಿದರು.

"ಹಾಂ, ಇನ್ನು ಹೋಗಿ ಬರಲಿ."