ಕಡಿಮೆ ಮದ್ದಿನ ಬಂದೂಕು

ನಮ್ಮ ಮಾವನ ಬಂದೂಕಿನ ಸಪ್ಪಳಕ್ಕೆ ಅಂಗಳದ ನಾಯಿಯೂ ಏಳುವುದಿಲ್ಲ ಎಂದು ಊರವರು ನಗುತ್ತಾರೆ. ನಗಲಿ. ಅದು ಮುಧೋಳ ನಾಯಿ, ಕಬ್ಬಿನೊಳಗೆ ಮೊಲ ಅಲುಗಿದರೂ ಕಿವಿ ನಿಮಿರಿಸುತ್ತದೆ. ಬಂದೂಕಿಗೆ ಏಳದಿದ್ದರೆ ಅದು ನಾಯಿಯ ತಪ್ಪಲ್ಲ, ನಮ್ಮ ಮನೆಯ ಕೈಗುಣ. ಸಂಸ್ಥಾನದ ಕಾಲದ, ಹೆಬ್ಬೆರಳು ತೂರುವಷ್ಟು ಅಗಲ ಬಾಯಿಯ ಆ ರೈಫಲ್ಲು ಇವತ್ತಿಗೂ ಬಿರಿಯದೆ ಗುಂಡು ಹಾರಿಸುತ್ತಿರುವುದೇ ಆ ಮೆತ್ತನೆಯ ಸಪ್ಪಳದ ದೆಸೆಯಿಂದ. ಇದನ್ನು ಎಷ್ಟು ಮಂದಿಗೆ ಬಿಡಿಸಿ ಹೇಳಿದ್ದೇನೋ, ಬಾಯಿ ಸವೆದು ಹೋಗಿದೆ.

ನಾನು ಬನಹಟ್ಟಿಯ ನೇಕಾರರ ಮಗಳು. ಲಗ್ನವಾಗಿ ಮುಧೋಳದ ಕಡೆಯ ಈ ಕಬ್ಬಿನ ಹೊಲದ ಮನೆಗೆ ಬಂದಾಗ ನನಗೆ ಬಂದೂಕೆಂದರೆ ಭಯ. ಮಾವ ಅದಕ್ಕೆ ಎಣ್ಣೆ ಒರೆಸುವುದನ್ನು ಬಾಗಿಲ ಮರೆಯಿಂದ ನೋಡುತ್ತಿದ್ದೆ. ಅದರ ಕಾಡತೂಸು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಕೊಳವೆಗಳನ್ನೇ ತೊಳೆದು, ತಳಕ್ಕೆ ಕಿಡಿ ಹಾರಿಸುವ ಹೊಸ ಟಿಕಳಿ ಕೂರಿಸಿ, ಮದ್ದು ಹಾಕಿ, ಮೇಲೆ ಸೀಸದ ಗುಂಡು ಒತ್ತಿ ಮತ್ತೆ ತಯಾರು ಮಾಡಬೇಕು. ಬಂದೂಕಿನ ಲೈಸೆನ್ಸು, ಮದ್ದಿನ ಪರವಾನಗಿ ಎರಡೂ ಮಾವನ ಹೆಸರಿಗಿದ್ದವು. ಆದರೆ ಬಂದೂಕು ಹುಟ್ಟಿದ್ದು ಕರಿಮದ್ದಿನ ಕಾಲದಲ್ಲಿ. ಈಗಿನ ಹೊಗೆಯಿಲ್ಲದ ಮದ್ದು ನೋಡಲು ಸಾಸಿವೆಯಷ್ಟು ಸಾಧು, ಹೊತ್ತಿದರೆ ರಾಕ್ಷಸ. ಅದಕ್ಕೇ ಮಾವ ಕೊಳವೆಯ ತಳ ಮುಚ್ಚುವಷ್ಟೇ ಹಾಕುತ್ತಿದ್ದರು.

"ಮುದಿ ಎತ್ತಿಗಿ ಬಾರಕೋಲ ತೋರಿಸಬೇಕ ಯವ್ವಾ, ಬಡೀಬಾರದು," ಎನ್ನುತ್ತಿದ್ದರು.

ಕಡಿಮೆ ಮದ್ದಿಗೆ ಒಂದು ತೊಂದರೆ. ಅಷ್ಟುದ್ದದ ಕೊಳವೆಯಲ್ಲಿ ಅದು ಅತ್ತಿತ್ತ ಹರಿದಾಡಿ, ಟಿಕಳಿಯ ಕಿಡಿ ಒಮ್ಮೆ ತಾಗಿದರೆ ಇನ್ನೊಮ್ಮೆ ತಾಗುವುದಿಲ್ಲ. ಮಾವ ಮೇಲೆ ಹರಕು ಕಾಗದ ತುರುಕುತ್ತಿದ್ದರು. ಒಂದು ವರ್ಷ ಅದೂ ಕೈಕೊಟ್ಟು, ಮಾವ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಾಗ ನನಗೆ ತಡೆಯಲಾಗಲಿಲ್ಲ. ತವರಿಗೆ ಹೋದಾಗ ಮಗ್ಗದ ಮನೆಯಿಂದ ಹತ್ತಿ ನೂಲಿನ ಚಿಂದಿ ತಂದೆ. ಅದನ್ನು ಬಿಡಿಸಿ, ಹಿಂಜಿ, ಅರಳೆ ಮಾಡಿ ಮದ್ದಿನ ಮೇಲೆ ಹಗುರವಾಗಿ ಕೂರಿಸಿದೆ. ಅಳತೆ ಹೆಚ್ಚುಕಡಿಮೆಯಾಗದಿರಲೆಂದು ಮಗ್ಗದ ಹಳೆಯ ಹಣಿಗೆಯ ಒಂದು ಕಡ್ಡಿ ತೆಗೆದುಕೊಂಡು ಅದಕ್ಕೆ ಕೆಂಪು ನೂಲಿನ ಗಂಟು ಕಟ್ಟಿದೆ. ಕಡ್ಡಿಯಿಂದ ಅರಳೆ ಒತ್ತಿದಾಗ ಗಂಟು ಕೊಳವೆಯ ಬಾಯಿಗೆ ಸರಿಯಾಗಿ ಬಂದರೆ ಒಳಗೆ ಎಲ್ಲ ಸರಿ. ಆ ಸಲ ಗುಂಡು ಹೋದದ್ದು ನೋಡಬೇಕಿತ್ತು! ಅಂದಿನಿಂದ ಅರಳೆಯ ಕೆಲಸ ನನ್ನದು, ಮದ್ದಿನ ಕೆಲಸ ಮಾವನದು.

ಮದ್ದಿನ ಚಮಚ ಕೈಯಲ್ಲಿದ್ದಾಗ ಯಾರೂ ಮಾತಾಡಬಾರದು ಎಂಬುದು ಮಾವನ ಕಟ್ಟಪ್ಪಣೆ. ಅತ್ತೆ ಚಹಾಕ್ಕೆ ಕರೆದರೂ ಬೈಗುಳವೇ. ಇನ್ನೊಂದು ಮಾತನ್ನು ಅವರು ಊರಿಗೆಲ್ಲ ಕೇಳುವಂತೆ ಹೇಳಿಕೊಂಡಿದ್ದರು: "ನನ್ನ ಕೈ ತಪ್ಪಿದ ವರ್ಷ ಈ ಬಂದೂಕು ಠಾಣಾಕ್ಕ ಹೋಗತೈತಿ. ಮತ್ತ ಮನಿಗಿ ಬರಂಗಿಲ್ಲ." ಮಾವ ಆಡಿದ ಮಾತು ನುಂಗುವ ಪೈಕಿ ಅಲ್ಲ.

ದಸರೆಯಲ್ಲಿ ಬನ್ನಿ ಮುರಿಯುವ ದಿನ ನಮ್ಮ ಹೊಲದಲ್ಲಿ ಒಂದೇ ಒಂದು ಗುಂಡು ಹಾರಿಸುವ ಪದ್ಧತಿ. ಠಾಣೆಗೆ ಮೊದಲೇ ತಿಳಿಸಿ, ಮಣ್ಣಿನ ದಿಬ್ಬದ ಮುಂದೆ ಬೂದುಗುಂಬಳ ಇಟ್ಟು ಮಾವ ಗುರಿ ಹಿಡಿಯುತ್ತಾರೆ. ಕುಂಬಳ ಒಡೆದ ಮೇಲೆಯೇ ಬನ್ನಿ ಹಂಚುವುದು. ಹೋದ ವರ್ಷ ಅದೇ ದಿನ ಬೆಳಿಗ್ಗೆ ಮಾವ, ಒಂದು ಹೊತ್ತದಿದ್ದರೆ ಇನ್ನೊಂದಿರಲೆಂದು ನಾಲ್ಕಾರು ಕೊಳವೆಗಳನ್ನು ಹಲಗೆಯಲ್ಲಿ ನಿಲ್ಲಿಸಿ ಮದ್ದು ಹಾಕುತ್ತಿದ್ದಾಗ ಊರ ಹಿರಿಯರಿಬ್ಬರು ಒಳಗೆ ಬಂದರು.

"ಅಜ್ಜಾರ, ಇತ್ತ ಬೀಳಗಿ ಅತ್ತ ಜಮಖಂಡಿ, ಹಿಂಥಾ ಬಂದೂಕ ಯಾರ ಮನ್ಯಾಗೂ ಇಲ್ಲ ನೋಡ್ರಿ."

ಹೊಗಳಿಕೆಗೆ ಮಾವ ಉಬ್ಬಿದರು. ಚಮಚ ಕೈಯಲ್ಲೇ ಇತ್ತು. "ಬಂದೂಕ ಇರಬಹುದೋ, ಅದನ್ನ ಸಂಬಾಳಸೂ ಕೈ ಬೇಕಲ್ಲ!" ಎಂದು ನಕ್ಕರು, ಅವರನ್ನು ಬಾಗಿಲತನಕ ಕಳಿಸಿ ಬಂದು ಮತ್ತೆ ಮದ್ದು ಹಾಕತೊಡಗಿದರು.

ಮಾವ ಮದ್ದು ಹಾಕಿ ಎದ್ದ ಮೇಲೆ ನಾನು ಅರಳೆ ಹಿಡಿದು ಕೂತೆ. ಮೊದಲನೆಯದು ಸರಿ ಬಂತು. ಎರಡನೆಯದರಲ್ಲಿ ಕಡ್ಡಿ ಮೊದಲೇ ತಡೆದು ನಿಂತು ಕೆಂಪು ಗಂಟು ಬಾಯಿಂದ ಮೇಲೆ ಉಳಿಯಿತು. ಅರಳೆ ತೆಗೆದು ಮತ್ತೆ ಒತ್ತಿದರೂ ಅಷ್ಟೇ. ಒಳಗೆ ಎರಡು ಪಾಲು ಮದ್ದಿದೆ. ಬಾಯಿ ಬಿಟ್ಟರೆ ಬಂದೂಕು ಮನೆಯಿಂದ ಹೋಗುತ್ತದೆ. ಬಿಡದೆ ಆ ಕೊಳವೆಯನ್ನು ಸುಮ್ಮನೆ ಬದಿಗಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಮುಂದಿನ ವರ್ಷ? ಆ ಬಂದೂಕಿಗೆ ಕೆನ್ನೆ ಇಟ್ಟು ನಿಲ್ಲುವವರು ನನ್ನ ಮಾವ.

"ಮಾವಾರ," ಎಂದೆ, "ಇದ್ರಾಗ ಮದ್ದು ಎರಡು ಸಲ ಬಿದ್ದೈತ್ರಿ."

"ನಿನ್ನ ಅರಳಿ ಹೆಚ್ಚಾಗಿರಬೇಕು. ನೀ ಹುಟ್ಟೂಕಿಂತ ಮೊದಲಿಂದ ತುಂಬಾಕತ್ತೇನಿ ನಾ."

ನನಗೆ ಸಿಟ್ಟು ನೆತ್ತಿಗೇರಿತು. "ಅರಳಿ ಹೆಚ್ಚಾಗಾಕ ನಾ ಏನ್ ಗಾದಿ ತುಂಬಾಕತ್ತೇನೇನ್ರಿ? ಸುರುವಿ ನೋಡ್ರಿ!"

ಅತ್ತೆ ಅಡುಗೆಮನೆಯಿಂದ ಓಡಿ ಬಂದರು. ಮಾವ ಒಂದು ತಟ್ಟೆ ತಂದರು. ಕೊಳವೆಯನ್ನು ತಟ್ಟೆಗೆ ಬೋರಲು ಹಾಕಿ, ಬಿದ್ದ ಮದ್ದನ್ನು ಚಮಚಕ್ಕೆ ತುಂಬಿದರು. ಚಮಚ ತುಂಬಿತು. ತಟ್ಟೆಯಲ್ಲಿ ಇನ್ನೊಂದು ಚಮಚದಷ್ಟು ಉಳಿದಿತ್ತು.

ಮಾವ ಅದನ್ನು ಡಬ್ಬಿಗೆ ಸುರಿದರು. ಆಮೇಲೆ ಗೋಡೆಗೆ ತೂಗಿದ್ದ ಬಂದೂಕಿನ ಗವಸು ಕೈಗೆತ್ತಿಕೊಂಡರು. "ಆತು. ಕೈ ತಪ್ಪೈತಿ. ನಾಳೆ ಠಾಣಾಕ್ಕ ಕೊಟ್ಟ ಬರತೇನಿ," ಎಂದರು.

"ಮಗ್ಗದಾಗ ಎಳಿ ಹರದ್ರ ನಮ್ಮಪ್ಪ ಮಗ್ಗ ಮಾರತಿದ್ದಿಲ್ರಿ," ಎಂದೆ. "ಗಂಟ ಹಾಕಿ ಮುಂದ ನೇಯತಿದ್ದ. ನಿಮ್ಮ ಕೈ ತಪ್ಪಿದ್ರ ಈ ಮನ್ಯಾಗ ಬ್ಯಾರೆ ಕೈ ಇಲ್ಲೇನ್ರಿ?"

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಿಂತರು. ಮಾವನೆದುರು ಹಾಗೆ ಮಾತಾಡಿದ ಸೊಸೆ ಆ ಮನೆಯಲ್ಲಿ ಇರಲಿಲ್ಲ. ಮಾವ ಗವಸನ್ನು ಮೊಳೆಗೆ ತೂಗಿ, ಎಲ್ಲ ಕೊಳವೆಗಳನ್ನೂ ಬೋರಲು ಮಾಡಿ, ಚಮಚವನ್ನು ನನ್ನ ಮುಂದೆ ಇಟ್ಟರು. ನಾನು ಮೊದಲಿಂದ ತುಂಬಿದೆ. ಅವರು ಎದುರಿಗೆ ಕೂತು ನೋಡಿದರು, ತುಟಿ ಬಿಚ್ಚಲಿಲ್ಲ.

ಸಂಜೆ ಹೊಲದಲ್ಲಿ ಜನ ಸೇರಿದ್ದರು. ಮಾವ ಬಂದೂಕಿಗೆ ಕೆನ್ನೆ ಇಟ್ಟಾಗ ನಾನು ಕಣ್ಣು ಮುಚ್ಚಲಿಲ್ಲ, ಯಾಕೆ ಮುಚ್ಚಲಿ? ಅದೇ ಮೆತ್ತನೆಯ ಸಪ್ಪಳ. ಕುಂಬಳಕಾಯಿ ನಡುವೆ ಸೀಳಿ ಎರಡು ಹೋಳಾಯಿತು. ನಾಯಿ ಬದುವಿನ ಮೇಲೆ ಮಲಗಿಯೇ ಇತ್ತು.

"ಭಲೆ ಅಜ್ಜಾರ! ಕೈ ಅಂದ್ರ ಕೈ!" ಎಂದು ಬೆಳಿಗ್ಗೆ ಬಂದಿದ್ದ ಹಿರಿಯರು ಕೂಗಿದರು.

"ಕೈ ನಂದಲ್ಲೋ," ಎಂದರು ಮಾವ, ಎಲ್ಲರಿಗೂ ಕೇಳುವಂತೆ. "ಮುಂಜಾನೆ ನಿಮ್ಮ ಜೋಡಿ ಮಾತಾಡ್ಕೋತ ನಾ ಎರಡು ಸಲ ಮದ್ದು ಹಾಕಿದ್ನಿ. ಈಕಿ ಹಿಡೀದಿದ್ರ ಇವತ್ತ ನೀವು ನನ್ನ ಹೊತಗೊಂಡ ಹೋಗತಿದ್ರಿ."

ಬನ್ನಿಯ ಎಲೆಯನ್ನು ಬಂಗಾರವೆಂದು ಕಿರಿಯರು ಹಿರಿಯರಿಗೆ ಕೊಟ್ಟು ಕಾಲಿಗೆ ಬೀಳುವುದು ರೂಢಿ. ಮಾವ ಆ ಜನದ ನಡುವಿನಿಂದ ನಡೆದು ಬಂದು ಮೊದಲ ಬನ್ನಿಯನ್ನು ನನ್ನ ಕೈಗೆ ಇಟ್ಟರು.

"ಬಂಗಾರ ತಗೋ ಯವ್ವಾ. ಬಂದೂಕ ಮನ್ಯಾಗ ಇರತೈತಿ."

ಅದೇ ಎಲೆಯನ್ನು ಅವರ ಕೈಗೆ ತಿರುಗಿ ಕೊಟ್ಟು, ಕಾಲಿಗೆ ಬಿದ್ದೆ.