ತೊಂಬತ್ತು ಎಸೆತಗಳ ಭಾನುವಾರ

ಟಿಲ್‌ಬರ್ಗ್‌ನಿಂದ ರೋಟರ್‌ಡ್ಯಾಮ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಆ ಭಾನುವಾರ ಹಳಿ ದುರಸ್ತಿ ನಡೆದಿತ್ತು. ಬಸ್ಸು ಹತ್ತಿಸಿ, ಮತ್ತೆ ರೈಲು ಹತ್ತಿಸಿ, ಎರಡು ಗಂಟೆ ಸುತ್ತಾಡಿಸಿದರು. ನಿಲ್ದಾಣದಲ್ಲಿ ಕಾಯುತ್ತಿದ್ದ ಸುನಂದಕ್ಕ ಮುಖ ಊದಿಸಿಕೊಂಡಿದ್ದಳು.

“ನಿನ್ನ ಸಲುವಾಗಿ ಆಟ ನಿಲ್ಲಸ್ತಾರೇನು?”

ಸುನಂದಕ್ಕ ನನ್ನ ದೊಡ್ಡಪ್ಪನ ಮಗಳು, ಧಾರವಾಡದವಳು, ಈಗ ಜೂಟರ್‌ಮೀರ್‌ನಲ್ಲಿ ಫಿಸಿಯೋಥೆರಪಿಸ್ಟ್. ಬೇಸ್‌ಬಾಲ್ ತಂಡವೊಂದರ ಎಸೆತಗಾರ ರೂಬೆನ್‌ನ ಕೆಟ್ಟುಹೋಗಿದ್ದ ಭುಜವನ್ನು ಎಂಟು ತಿಂಗಳು ತಿದ್ದಿ ತೀಡಿದವಳು. ಅವನು ಸಂಬಳಕ್ಕೆ ಆಡುವವನು. ಅಂದು ಚೆನ್ನಾಗಿ ಎಸೆದರೆ ಮುಂದಿನ ವರ್ಷವೂ ತಂಡದಲ್ಲಿ ಜಾಗ, ಇಲ್ಲದಿದ್ದರೆ ಮನೆ ದಾರಿ. ಆದರೆ ತೊಂಬತ್ತು ಎಸೆತ ದಾಟಿದರೆ ಭುಜ ಮತ್ತೆ ಕೆಡಬಹುದು ಎಂದು ಅಕ್ಕನೇ ಕೋಚ್‌ಗೆ ಬರೆದುಕೊಟ್ಟಿದ್ದಳು.

ಟ್ರಾಮ್ ಇಳಿದು ಹತ್ತು ನಿಮಿಷ ನಡೆದೆವು. ಮೋಡ ಕವಿದಿತ್ತು, ಮಳೆಯಿರಲಿಲ್ಲ, ಗಾಳಿ ಮಾತ್ರ ಕಿವಿ ಕೊರೆಯುತ್ತಿತ್ತು. ಮೇಯೊನೇಸ್ ಹಾಕಿದ ಬಿಸಿ ಆಲೂಗಡ್ಡೆ ಫ್ರೈಸ್ ಕೊಂಡು ಮರದ ಬೆಂಚಿನ ಮೇಲೆ ಕೂತೆವು.

ನನ್ನದು ಕ್ರಿಕೆಟ್ಟಿನ ಕಣ್ಣು. ಚೆಂಡು ಬ್ಯಾಟಿಗೆ ತಾಗಿ ಹಿಂದಕ್ಕೆ ಹಾರಿದಾಗಲೆಲ್ಲ ಬೌಂಡರಿಯೆಂದು ಚಪ್ಪಾಳೆ ತಟ್ಟಿ ನಗೆಪಾಟಲಾದೆ; ಈ ಆಟದಲ್ಲಿ ಹಿಂದೆ ಹೋದ ಚೆಂಡಿಗೆ ಓಟವೇ ಇಲ್ಲವಂತೆ. ಅಕ್ಕನಿಗೆ ಇದಾವುದರ ಪರಿವೆಯೂ ಇರಲಿಲ್ಲ. ನಮ್ಮಜ್ಜಿ ಜಪ ಮಾಡುವಂತೆ ಬಲಗೈ ಬೆರಳ ಗೆರೆಗಳ ಮೇಲೆ ಹೆಬ್ಬೆರಳು ಓಡಿಸುತ್ತ ರೂಬೆನ್‌ನ ಎಸೆತ ಎಣಿಸುತ್ತಿದ್ದಳು. ಹತ್ತಾದಾಗಲೆಲ್ಲ ಎಡಗೈಯಲ್ಲಿ ಒಂದು ಗೆರೆ ಮುಂದೆ.

ಒಂಬತ್ತು ಸರದಿಯ ಆಟದಲ್ಲಿ ಏಳು ಮುಗಿದಾಗ ನಮ್ಮವರದು ಎರಡು ಓಟ, ಎದುರಾಳಿಗಳದು ಸೊನ್ನೆ. ಇಡೀ ತಂಡವೇ ಸೊನ್ನೆ ಸುತ್ತುವುದನ್ನು ನಾನೆಲ್ಲಿ ಕಂಡಿದ್ದೆ? ಫಲಕದತ್ತ ಕೈಮಾಡಿ, “ಅಕ್ಕಾ, ಇನ್ನೂ ಸೊನ್ನಿ!” ಎಂದು ಕೂಗಿದೆ.

“ಬಾಯಿ ಮುಚ್ಚೋ, ದೃಷ್ಟಿ ಆದೀತು!”

ಮುಂದೆ ಕೂತಿದ್ದ ಡಚ್ ಅಜ್ಜನೂ ತಿರುಗಿ ತುಟಿಯ ಮೇಲೆ ಬೆರಳಿಟ್ಟ. ಎದುರಾಳಿಯ ಸೊನ್ನೆಯನ್ನು ಅಲ್ಲಿಯೂ ಬಾಯಿಬಿಟ್ಟು ಹೇಳಬಾರದಂತೆ.

ಒಂಬತ್ತನೆಯ, ಕೊನೆಯ ಸರದಿಯಲ್ಲಿ ಎದುರಾಳಿಗಳ ಇಬ್ಬರು ಔಟಾದರು. ಮೂವರು ಔಟಾದರೆ ಸರದಿ ಮುಗಿದಂತೆ; ಇನ್ನೊಬ್ಬ ಔಟಾದರೆ ಗೆಲುವು. ಆಗ ಅಕ್ಕನ ಹೆಬ್ಬೆರಳು ನಿಂತಿತು.

“ತೊಂಬತ್ತಾತು.”

ಕೋಚ್ ಮೈದಾನದ ಅಂಚಿನಿಂದ ಅಕ್ಕನನ್ನೇ ನೋಡಿದ. ಜನ ರೂಬೆನ್‌ನ ಹೆಸರು ಹಿಡಿದು ಕೂಗುತ್ತಿದ್ದರು.

“ಒಂದೆರಡ ಅಲ್ಲೇನಕ್ಕಾ, ಹಾಕ್ಲಿ ಬಿಡು,” ಎಂದೆ. ಅವನೇ ಮುಗಿಸಲಿ ಎಂದು ನನ್ನ ಜೀವವೂ ಹಂಬಲಿಸುತ್ತಿತ್ತು.

“ಭುಜಕ್ಕ ಅದು ತಿಳಿತೈತೇನೋ?” ಅಕ್ಕನ ಕಣ್ಣು ತುಂಬಿತ್ತು. ಬೇಡವೆಂದು ಕೈಯಾಡಿಸಿದಳು.

ಕೋಚ್ ನಡೆದುಹೋಗಿ ಕೈ ಚಾಚಿದ. ರೂಬೆನ್ ಚೆಂಡು ಕೊಟ್ಟು ತಲೆ ತಗ್ಗಿಸಿ ಹೊರಬಂದ. ಸುತ್ತಲೂ ಗೊಣಗಾಟ; ನನಗೆ ಅಕ್ಕನ ಪಕ್ಕ ಕೂರಲೂ ಮುಜುಗರವಾಯಿತು. ಬದಲಿ ಎಸೆತಗಾರನ ಮೂರನೆಯ ಚೆಂಡು ಆಕಾಶಕ್ಕೆ ಹಾರಿ, ನಮ್ಮವನೊಬ್ಬನ ಕೈಗವಸಿಗೆ ಬಿತ್ತು. ಎರಡು–ಸೊನ್ನೆ. ಡಚ್ ಅಜ್ಜ ನನ್ನನ್ನು ತಬ್ಬಿಕೊಂಡ.

ನಾವು ಗೇಟು ದಾಟುವಾಗ ಹಿಂದಿನಿಂದ ರೂಬೆನ್ ಓಡಿಬಂದ. ಜಗಳಕ್ಕೇ ಬಂದನೆಂದು ನಾನು ಹೆದರಿದೆ.

“ಮುಂದಿನ ವರ್ಷಕ್ಕೂ ನನ್ನನ್ನು ಇಟ್ಟುಕೊಂಡರು,” ಎಂದ ಇಂಗ್ಲಿಷಿನಲ್ಲಿ, ಏದುಸಿರು ಬಿಡುತ್ತ. “ಬರುವ ಭಾನುವಾರವೂ ನಾನೇ ಎಸೆಯಬೇಕಂತೆ. ಎಷ್ಟು ಎಸೆಯಲಿ?”

ಅಕ್ಕ ಅಲ್ಲೇ ರಸ್ತೆಯಲ್ಲಿ ಅವನ ತೋಳನ್ನು ಮೇಲೆತ್ತಿಸಿ, ಭುಜದ ಸಂದಿಗೆ ಎರಡು ಬೆರಳೊತ್ತಿ ನೋಡಿದಳು. ಅವನು ಮುಖ ಕಿವುಚಲಿಲ್ಲ.

“ತೊಂಬತ್ತೈದು,” ಎಂದಳು.