ಬೇಳೆ ಬೇಯದ ನೀರಿನ ಪಾಳೇಗಾರ

ಕ್ಯಾತ್ಸಂದ್ರದ ಶ್ರೀರಂಜನಿಯ ಮನೆಯಲ್ಲಿ ಎರಡು ನೀರಿಗೆ ಎರಡು ಮರ್ಯಾದೆ. ಸುಣ್ಣ ಸೋಸುವ ಫಿಲ್ಟರಿನ ನೀರು ದೇವರಿಗೆ, ಅತಿಥಿಗಳಿಗೆ, ತೊಗರಿಬೇಳೆಗೆ. ಕೊಳವೆಬಾವಿಯದು ಬಟ್ಟೆಗೆ, ಬಚ್ಚಲಿಗೆ, ಮೀನಿಗೆ. ಬೇಳೆ ಬೇಯಿಸದ, ಸೋಪಿಗೆ ನೊರೆ ಬರಿಸದ, ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವ ಆ ನೀರನ್ನು ಶಪಿಸದೆ ಅವಳ ಬೆಳಗು ಆರಂಭವಾಗುತ್ತಿರಲಿಲ್ಲ. ಪಿಯು ಕಾಲೇಜಿನಲ್ಲಿ ಇಪ್ಪತ್ತು ವರ್ಷಗಳಿಂದ ರಸಾಯನಶಾಸ್ತ್ರ ಕಲಿಸುತ್ತಿದ್ದವಳು. ಗಡಸು ನೀರಿನ ಪಾಠವನ್ನು ನಿದ್ದೆಯಲ್ಲೂ ಒಪ್ಪಿಸಬಲ್ಲಳು.

ಹಜಾರದ ಗಾಜಿನ ತೊಟ್ಟಿಯಲ್ಲಿದ್ದದ್ದು ಒಂದೇ ಮೀನು: ಅಂಗೈಯಗಲದ, ಹಣೆಯ ಮೇಲೆ ಗುಬುಟು ಹೊತ್ತ ಕೆಂಪು ಫ್ಲವರ್‌ಹಾರ್ನ್. ಜೊತೆಗೆ ಬಿಟ್ಟ ಮೀನುಗಳನ್ನೆಲ್ಲ ವಾರದೊಳಗೆ ಹರಿದುಹಾಕಿದ್ದರಿಂದ ಮಾವ ಸುಬ್ಬಕೃಷ್ಣ ಅದಕ್ಕೆ ಪಾಳೇಗಾರನೆಂದು ಹೆಸರಿಟ್ಟಿದ್ದರು. ಆ ಗುಬುಟು ಮನೆಗೆ ಅದೃಷ್ಟ ತರುತ್ತದೆಂದು ಪಕ್ಕದ ಮನೆಯ ಮಂಗಳಗೌರಿ ಹೇಳಿದಾಗ ಶ್ರೀರಂಜನಿ, "ಮೊದ್ಲು ಅದರ ತೊಟ್ಟಿ ಅದೇ ತೊಳ್ಕೊಳ್ಲಿ, ಆಮೇಲೆ ಅದೃಷ್ಟದ ಮಾತು" ಎಂದು ನಕ್ಕಿದ್ದಳು.

ಕುಣಿಗಲ್ಲಿನ ಅಂಚೆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಮೊಹರು ಒತ್ತಿದ ಮಾವನ ಬಲಗೈ, ಕಳೆದ ಮಾಘದಲ್ಲಿ ಲಕ್ವ ಹೊಡೆದು ಮಡಿಲಿಗೆ ಬಿತ್ತು. ಮೊದಲ ಕೆಲವು ತಿಂಗಳು ಎಷ್ಟು ಆಡಿಸಿದರೆ ಅಷ್ಟು ಕೈ ಮರಳೀತು, ಆಮೇಲೆ ಕಷ್ಟ ಎಂದು ಫಿಸಿಯೋಥೆರಪಿಸ್ಟ್ ದೀಪಿಕಾ ಒಂದು ರಬ್ಬರ್ ಚೆಂಡು ಕೊಟ್ಟಳು. ಅವರು ಅದನ್ನು ಎಡಗೈಯಲ್ಲೆತ್ತಿ ಸೋಫಾದಡಿಗೆ ಎಸೆದರು.

"ಎಪ್ಪತ್ತೆಂಟನೇ ವಯಸ್ಸಿಗೆ ಚೆಂಡಾಟ ಏನಮ್ಮಾ?"

ಊಟಕ್ಕೆ ಮುನ್ನ ಬಲಗೈಯಿಂದ ತಟ್ಟೆಯ ಸುತ್ತ ನೀರು ಕಟ್ಟುವುದು ಅವರ ಜೀವಮಾನದ ರೂಢಿ. ಎಡಗೈಯಲ್ಲಿ ಅದನ್ನು ಮಾಡುವಂತಿಲ್ಲ. ಹಾಗಾಗಿ ರೂಢಿಯನ್ನೇ ಬಿಟ್ಟು, ಎಡಗೈಯ ಚಮಚದಲ್ಲಿ ಯಾರ ಮುಖವನ್ನೂ ನೋಡದೆ ಉಣ್ಣುತ್ತಿದ್ದರು.

ಕೊನೆಗೆ ಆ ಕೈಯನ್ನು ಆಡಿಸಿದ್ದು ಪಾಳೇಗಾರ. ಒಂದು ಬೆಳಗ್ಗೆ ತೊಟ್ಟಿಯ ಪಕ್ಕ ಕೂತಿದ್ದ ಮಾವನ ಬಲಗೈ ಬೆರಳು ಗಾಜಿಗೆ ತಾಗಿದ್ದೇ ತಡ, ಮೀನು ಟಕ್ಕೆಂದು ಬಂದು ಗುದ್ದಿತು. ಮಾವ ಬೆಚ್ಚಿದರು, ನಕ್ಕರು, ಬೆರಳನ್ನು ಕಷ್ಟಪಟ್ಟು ಇನ್ನೊಂದು ಅಂಗುಲ ಎಳೆದರು. ಮೀನೂ ಬೆನ್ನಟ್ಟಿತು.

"ಬಾರೋ, ಬಾ! ಯಾರಪ್ಪನ ಜಾಗ ಅಂದ್ಕೊಂಡಿದೀಯ?"

ಅಂದಿನಿಂದ ಅದು ದಿನದ ಆಟವಾಯಿತು. ಕೈ ಎಷ್ಟು ಸಲ ಆಡಿತೆಂದು ದೀಪಿಕಾ ಒಮ್ಮೆ ಬಾಗಿಲಲ್ಲೇ ನಿಂತು ಎಣಿಸಿದಳು. ನೂರಾ ನಲವತ್ತು ಸಲ. "ತಾತ, ಇವ್ನು ನನ್ ಕೆಲಸಕ್ಕೇ ಕುತ್ತು ತರ್ತಾನೆ" ಎಂದಳು.

ಆದರೆ ಗಾಜಿನ ಮೇಲೆ, ಸರಿಯಾಗಿ ಮಾವನ ಕಣ್ಣಿನ ಮಟ್ಟದಲ್ಲಿ, ಸುಣ್ಣದ ಬಿಳಿ ಪಟ್ಟೆ ಕಟ್ಟುತ್ತಿತ್ತು. ಶ್ರೀರಂಜನಿ ಅದನ್ನು ಕೆರೆದು ಕೆರೆದು ಸಾಕಾಗಿ, ಮಾವನಿಗೆ ಸ್ವಚ್ಛವಾಗಿ ಕಾಣಲೆಂಬ ಪ್ರೀತಿಯಿಂದಲೇ, ಮೀನಿಗೂ ಫಿಲ್ಟರಿನ ನೀರು ತುಂಬಿಸತೊಡಗಿದಳು. ತಿಂಗಳು ಕಳೆಯುವಷ್ಟರಲ್ಲಿ ಪಾಳೇಗಾರನ ಕೆಂಪು ಮಾಸಿತು. ಅದು ಪಂಪಿನ ಹಿಂದೆ ಸೇರಿ, ತಳದಲ್ಲಿ ವಾಲಿ ಕೂತಿತು. ಬೆರಳು ಬಂದರೂ ಕದಲಲಿಲ್ಲ. ಕೈ ಮತ್ತೆ ಮಡಿಲಿಗೆ ಬಿತ್ತು.

"ಅವ್ನೇ ಸೋತ್ಮೇಲೆ ನಾನ್ಯಾರ ಹತ್ರ ಜಗಳ ಆಡ್ಲಿ, ರಂಜನಿ?"

ಎಂಟು ದಿನ ಹೀಗೇ ಕಳೆದವು. ಭುಜ ಬಿಗಿಯುತ್ತಿದೆ ಎಂದು ದೀಪಿಕಾ ಎಚ್ಚರಿಸಿದಳು. ಒಂಬತ್ತನೆಯ ದಿನ ಶ್ರೀರಂಜನಿ ಗುಬ್ಬಿ ಗೇಟಿನ ಬಳಿಯ ಸಾಕುಮೀನಿನ ಅಂಗಡಿಗೆ ಹೋದಳು. ಅಂಗಡಿಯ ಜಯಪ್ರಕಾಶ್ ಅವಳ ಹಳೆಯ ವಿದ್ಯಾರ್ಥಿ.

"ಯಾವ ನೀರು ಹಾಕ್ತಿದೀರಾ ಮೇಡಂ?"

"ಫಿಲ್ಟರ್ ನೀರು ಕಣೋ. ನಾವು ಕುಡಿಯೋದೇ."

ಅವನು ಹಣೆ ಚಚ್ಚಿಕೊಂಡ. "ಅಯ್ಯೋ, ಅದಕ್ಕೆ ಬೋರ್ ನೀರೇ ಅಮೃತ! ಮೀನಿನ ಗಲೀಜಿಂದ ಆಸಿಡ್ ಆಗ್ತದೆ, ಸುಣ್ಣದಂಶ ಇದ್ರೆ ತಾನೇ ನೀರು ಅದನ್ನ ತಡ್ಕೊಳೋದು? ನೀವೇ ಪಾಠ ಮಾಡಿದ್ರಿ."

"ನೀನು ಆ ಪಾಠದಲ್ಲಿ ಫೇಲಾಗಿದ್ದೆ."

"ಎರಡ್ ಸಲ ಓದಿದ್ನಲ್ಲ ಮೇಡಂ, ಅದಕ್ಕೇ ನೆನಪೈತೆ. ಒಂದೇ ಸಲ ಸುರೀಬೇಡಿ ಮತ್ತೆ. ದಿನಾ ಒಂದೊಂದ್ ಬಕೆಟ್."

ಅಳೆಯದೆ ನಂಬುವುದು ಶ್ರೀರಂಜನಿಯ ಜಾಯಮಾನವಲ್ಲ. ಕಾಲೇಜಿನ ಪ್ರಯೋಗಾಲಯದಿಂದ ತಂದ ಲಿಟ್ಮಸ್ ಕಾಗದದ ಚೂರನ್ನು ತೊಟ್ಟಿಯಲ್ಲಿ ಅದ್ದಿದಳು. ಅದು ಆಮ್ಲದ ಬಣ್ಣಕ್ಕೆ ತಿರುಗಿತು. ಇಪ್ಪತ್ತು ವರ್ಷ ಗಡಸುತನವನ್ನು ನೀರಿನ ದೋಷವೆಂದೇ ಕಲಿಸಿದ್ದಳು. ಅದೇ ಸುಣ್ಣ ಒಂದು ಜೀವವನ್ನು ಕಾಯುತ್ತದೆಂಬ ಮಾತು ಪುಸ್ತಕದ ಬೇರೊಂದು ಅಧ್ಯಾಯದಲ್ಲಿತ್ತು. ಅವೆರಡನ್ನೂ ಜೋಡಿಸಿ ಓದುವ ಪ್ರಸಂಗ ಅವಳಿಗೆ ಬಂದಿರಲಿಲ್ಲ.

ದಿನಕ್ಕೊಂದು ಬಕೆಟ್ ಬೇಳೆ ಬೇಯದ ನೀರು ತೊಟ್ಟಿಗೆ ಹೋಯಿತು. ಐದನೆಯ ದಿನ ಮೀನು ಪಂಪಿನ ಹಿಂದಿನಿಂದ ಹೊರಬಂತು. ಹತ್ತನೆಯ ಬೆಳಗ್ಗೆ, ಕಾಫಿ ಸೋಸುತ್ತಿದ್ದವಳಿಗೆ ಹಜಾರದಿಂದ 'ಟಕ್' ಎಂಬ ಸದ್ದು, ಅದರ ಹಿಂದೆಯೇ ಮಾವನ ಬೈಗುಳ ಕೇಳಿಸಿತು. ಕಾಫಿ ಲೋಟ ತುಂಬಿ ಚೆಲ್ಲಿದ್ದು ಅವಳ ಗಮನಕ್ಕೆ ಬರಲಿಲ್ಲ.

ಮೀನು ಮಾವನನ್ನು ಗುಣಪಡಿಸಿತೆಂದು ಶ್ರೀರಂಜನಿ ಇಂದಿಗೂ ಹೇಳುವುದಿಲ್ಲ. ಕೆಲವರ ಕೈ ತಾನಾಗಿಯೂ ಮರಳುತ್ತದೆ. ಹೋಲಿಸಿ ನೋಡಲು ಮನೆಯಲ್ಲಿ ಇನ್ನೊಬ್ಬ ಮಾವ ಇರಲಿಲ್ಲ. ಆಷಾಢದ ಒಂದು ಮಧ್ಯಾಹ್ನ ಸುಬ್ಬಕೃಷ್ಣ ಚಮಚವನ್ನು ಪಕ್ಕಕ್ಕಿಟ್ಟು, ನಡುಗುವ ಬಲ ಅಂಗೈಯಲ್ಲಿ ನೀರು ಹಿಡಿದು, ತಟ್ಟೆಯ ಸುತ್ತ ಕಟ್ಟಿದರು. ಅರ್ಧ ನೀರು ಮೇಜಿನ ಮೇಲೆ ಚೆಲ್ಲಿತು. ಅದನ್ನು ಒರೆಸಲು ಅವಳಿಗೆ ಮನಸ್ಸಾಗಲಿಲ್ಲ.

ಅವಳು ನೇರ ಹಜಾರಕ್ಕೆ ಬಂದು, ಕಲ್ಲು ಸರಿಪಡಿಸುವ ನೆಪದಲ್ಲಿ ತೊಟ್ಟಿಗೆ ಕೈಯಿಟ್ಟಳು. ಅವಳನ್ನು ಮೊದಲಿನಿಂದಲೂ ಶತ್ರುವೆಂದೇ ಬಗೆದಿದ್ದ ಪಾಳೇಗಾರ ಧಾವಿಸಿ ಬಂದು ಹೆಬ್ಬೆರಳು ಕಚ್ಚಿತು. ಅವಳು ಕೈ ತೆಗೆಯಲಿಲ್ಲ.

"ಥ್ಯಾಂಕ್ಸ್ ಕಣೋ" ಎಂದಳು.

"ಯಾರ್ ಜೊತೆ ಮಾತಾಡ್ತಿದೀಯಮ್ಮಾ?" ಒಳಗಿನಿಂದ ಮಾವನ ದನಿ.

"ಪಾಳೇಗಾರರ ಜೊತೆ, ಮಾವ. ಕಪ್ಪ ಒಪ್ಪಿಸ್ತಿದೀನಿ."